ದೊಡ್ಡ ಪಿಕಪ್ ಹೊಯ್ಗೆಯಲ್ಲಿ ಯಾಕೆ ಬೇಗ ಹೂತು ಹೋಗುತ್ತದೆ? ಹೂತರೆ ಎಂತ ಮಾಡಬೇಕು?

ಕುಂದಾಪುರ: ಗಲ್ಫ್‌ನಲ್ಲಿ ಸೆಖೆ ಇಳಿದು ನವೆಂಬರ್ ಬಂತೆಂದರೆ ಮರುಭೂಮಿ ಡ್ರೈವ್‌ನ ಸೀಸನ್ ಶುರು. ಭಟ್ಕಳ, ಬೈಂದೂರು, ಕುಂದಾಪುರ, ಉಡುಪಿ, ಮಂಗಳೂರು ಕಡೆಯಿಂದ ಹೋಗಿ ದುಬೈ, ದೋಹಾ, ಮಸ್ಕತ್, ದಮ್ಮಾಮ್‌ಗಳಲ್ಲಿ ಕೆಲಸಕ್ಕಿರುವವರೂ ವಾರದ ರಜೆಗೆ ಗಾಡಿ ಹತ್ತಿ ಮರಳುಗುಡ್ಡೆಗಳ ದಾರಿ ಹಿಡಿಯುತ್ತಾರೆ. ಶಾರ್ಜಾದ ಅಲ್ ಬದಾಯರ್, ಅಬುಧಾಬಿಯ ಲಿವಾ, ಕತಾರ್‌ನ ಸೀಲೈನ್, ಒಮಾನ್‌ನ ವಹೀಬಾ ಮರಳುಗಾಡು ಇದಕ್ಕೆ ಹೆಸರಾದ ಜಾಗಗಳು.

ಅಲ್ಲಿ ಹೊಸಬರಿಗೆ ಮೊದಲು ಅಚ್ಚರಿಯಾಗುವ ಸಂಗತಿ ಒಂದುಂಟು. ಪುಟ್ಟ ಜೀಪು ಸಲೀಸಾಗಿ ದಾಟಿದ ಜಾಗದಲ್ಲಿ, ಅದರ ಎರಡು ಪಟ್ಟಿಗಿಂತ ಹೆಚ್ಚು ತೂಕದ, ಮೂರ್ನಾಲ್ಕು ಪಟ್ಟು ಶಕ್ತಿಯ ಅಮೆರಿಕನ್ ಪಿಕಪ್ ಚಾಸಿಸ್‌ವರೆಗೆ ಹೂತು ನಿಂತಿರುತ್ತದೆ. ಡೀಸೆಲ್ ಎಂಜಿನ್ ಅಬ್ಬರಿಸುತ್ತದೆ, ನಾಲ್ಕೂ ಚಕ್ರ ತಿರುಗುತ್ತದೆ, ಗಾಡಿ ಮಾತ್ರ ಕೆಳಕ್ಕೇ ಹೋಗುತ್ತದೆ. ಇಷ್ಟು ದೊಡ್ಡ ಗಾಡಿಗೆ ಇದೆಂತ ಗತಿ?

ಉತ್ತರ ಬಾನೆಟ್ ಒಳಗಿಲ್ಲ, ಟಯರ್ ನೆಲಕ್ಕೆ ತಾಗುವ ಜಾಗದಲ್ಲಿದೆ. ಇದು ಅರ್ಥವಾದರೆ ಮರುಭೂಮಿಯಲ್ಲಿ ಗಾಡಿಯೂ ಜೀವವೂ ಉಳಿಯುತ್ತದೆ. ಊರಿನ ಕಡಲತೀರದಲ್ಲಿ ಮೀನಿನ ಪಿಕಪ್ ಓಡಿಸುವವರಿಗೂ ಇದೇ ಲೆಕ್ಕ ಅನ್ವಯ.

ಎರಡು ಅಂಗೈ ಮತ್ತು ಒಂದು ದೊಡ್ಡ ಹಾಳೆ

ಟಯರ್ ನೆಲವನ್ನು ಒತ್ತುವ ಒತ್ತಡ ಹೆಚ್ಚುಕಡಿಮೆ ಟಯರಿನೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಫೋರ್ಡ್ ಎಫ್-250 ಸೂಪರ್ ಡ್ಯೂಟಿಯಂತಹ ಹೆವಿ ಡ್ಯೂಟಿ ಪಿಕಪ್ ಅನ್ನೇ ತೆಗೆದುಕೊಳ್ಳುವ. ಡೀಸೆಲ್ ಎಂಜಿನ್, ನಾಲ್ಕು ಬಾಗಿಲು, ಫೋರ್ ವೀಲ್ ಡ್ರೈವ್ ಎಲ್ಲ ಸೇರಿದರೆ ಖಾಲಿ ಗಾಡಿಯೇ ಸುಮಾರು 3,200 ಕಿಲೋ ತೂಗುತ್ತದೆ. ಒಂದೊಂದು ಚಕ್ರದ ಪಾಲಿಗೆ ಸರಾಸರಿ 800 ಕಿಲೋ.

ರಸ್ತೆಯಲ್ಲಿ ಇಂತಹ ಗಾಡಿಯ ಟಯರಿಗೆ 60 ಪಿಎಸ್‌ಐ ಆಸುಪಾಸು ಗಾಳಿ ಹಾಕಿರುತ್ತಾರೆ. ಹಿಂದೆ ಭಾರ ಹೇರಿದರೆ 80ರವರೆಗೂ ಹೋಗುವುದುಂಟು. 60 ಪಿಎಸ್‌ಐ ಎಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 4.2 ಕಿಲೋ. 800 ಕಿಲೋವನ್ನು ಅದರಿಂದ ಭಾಗಿಸಿದರೆ ಟಯರ್ ನೆಲಕ್ಕೆ ತಾಗುವ ಜಾಗ ಸುಮಾರು 190 ಚದರ ಸೆಂಟಿಮೀಟರ್ ಎಂದಾಯಿತು. ಒಂದೆರಡು ಅಂಗೈಯಷ್ಟು ಜಾಗ. ಅಷ್ಟರ ಮೇಲೆ 800 ಕಿಲೋ ನಿಂತರೆ ಸಡಿಲ ಹೊಯ್ಗೆ ತಡೆಯುವುದಿಲ್ಲ, ಪಕ್ಕಕ್ಕೆ ಜಾರಿ ದಾರಿ ಬಿಡುತ್ತದೆ. ಟಯರ್ ಕೆಳಗಿಳಿಯುತ್ತದೆ.

ಅದೇ ಟಯರಿನ ಗಾಳಿಯನ್ನು 15 ಪಿಎಸ್‌ಐಗೆ ಇಳಿಸಿದರೆ? ಲೆಕ್ಕದ ಪ್ರಕಾರ ತಾಗುವ ಜಾಗ ನಾಲ್ಕು ಪಟ್ಟಾಗಿ ಸುಮಾರು 760 ಚದರ ಸೆಂಟಿಮೀಟರ್ ಆಗುತ್ತದೆ. ಅಂಗಡಿಯಲ್ಲಿ ಜೆರಾಕ್ಸ್ ಮಾಡುವ ಎ4 ಹಾಳೆ 620 ಚದರ ಸೆಂಟಿಮೀಟರ್ ಚಿಲ್ಲರೆ; ಅದಕ್ಕಿಂತಲೂ ದೊಡ್ಡದು. ಗಾಡಿಯ ತೂಕ ಒಂದು ಕಿಲೋ ಕೂಡ ಕಮ್ಮಿಯಾಗಲಿಲ್ಲ, ಆದರೆ ಹೊಯ್ಗೆಗೆ ಆಗುವ ಒತ್ತಡ ಕಾಲು ಭಾಗಕ್ಕೆ ಇಳಿಯಿತು. ಗಾಳಿ ಬಿಟ್ಟಾಗ ಟಯರ್ ಅಗಲಕ್ಕಿಂತ ಉದ್ದಕ್ಕೇ ಹೆಚ್ಚು ಚಪ್ಪಟೆಯಾಗುತ್ತದೆ. ಯುದ್ಧಟ್ಯಾಂಕಿನ ಪಟ್ಟಿಯ ಹಾಗೆ ಉದ್ದದ ಹೆಜ್ಜೆ ಊರಿ ಹೊಯ್ಗೆಯ ಮೇಲೆ ತೇಲುತ್ತದೆ.

ಇದು ಸರಳ ಮಾಡಿದ ಲೆಕ್ಕ. ಟಯರಿನ ಪಕ್ಕದ ಗೋಡೆಯೇ ಒಂದಿಷ್ಟು ಭಾರ ಹೊರುವುದರಿಂದ ನಿಜವಾದ ಹೆಜ್ಜೆ ಇದಕ್ಕಿಂತ ಸ್ವಲ್ಪ ಚಿಕ್ಕದು. ಭಾರೀ ಪಿಕಪ್‌ಗಳ ಕಷ್ಟ ಶುರುವಾಗುವುದೂ ಇಲ್ಲಿಂದಲೇ.

ಭಾರದ ಗಾಡಿಗೆ ಕಷ್ಟ ಎಲ್ಲಿ?

ಮೊದಲನೆಯದು ಟಯರ್. ಟ್ರೇಲರ್ ಎಳೆಯಲು, ಟನ್‌ಗಟ್ಟಲೆ ಸಾಮಾನು ಹೊರಲು ಮಾಡಿದ ಗಾಡಿಗೆ ಗಟ್ಟಿ ಗೋಡೆಯ, ಹತ್ತು ಪ್ಲೈ ದರ್ಜೆಯ ಟಯರ್ ಬರುತ್ತದೆ. ರಸ್ತೆಯಲ್ಲಿ ಅದು ಒಳ್ಳೆಯದೇ. ಹೊಯ್ಗೆಯಲ್ಲಿ ಮಾತ್ರ ಗಾಳಿ ಬಿಟ್ಟರೂ ಅದು ಬೇಗ ಬಗ್ಗುವುದಿಲ್ಲ, ಚಪ್ಪಟೆಯಾಗುವುದಿಲ್ಲ. ಸುಮಾರು 1,200 ಕಿಲೋ ತೂಗುವ ಮಾರುತಿ ಜಿಮ್ನಿಯಂತಹ ಗಾಡಿಯಲ್ಲಿ ಒಂದು ಚಕ್ರಕ್ಕೆ ಬೀಳುವುದು 300 ಕಿಲೋ ಅಷ್ಟೇ. ಅದರ ಮೆತ್ತನೆಯ ಟಯರಿನ ಗಾಳಿ ತುಂಬ ಇಳಿಸಿದರೂ ಅಷ್ಟು ತೊಂದರೆಯಿಲ್ಲ. ದೊಡ್ಡ ಪಿಕಪ್‌ನಲ್ಲಿ ಹಾಗೆ ಇಳಿಸುತ್ತಾ ಹೋದರೆ, ತಿರುವಿನಲ್ಲಿ ಆ ಭಾರಕ್ಕೆ ಟಯರಿನ ಅಂಚು ರಿಮ್ಮಿನಿಂದ ಕಳಚಿಬಿಡಬಹುದು.

ಎರಡನೆಯದು ಮುಂದಿನ ಭಾರ. 6.7 ಲೀಟರಿನ ವಿ8 ಡೀಸೆಲ್ ಎಂಜಿನ್ ಒಂದೇ ಸುಮಾರು 450 ಕಿಲೋ. ಹಿಂದಿನ ತೊಟ್ಟಿ ಖಾಲಿ ಇದ್ದರೆ ಗಾಡಿಯ ತೂಕದಲ್ಲಿ ನೂರಕ್ಕೆ 60ರಷ್ಟು ಮುಂದಿನ ಎರಡು ಚಕ್ರಗಳ ಮೇಲೆಯೇ ಕೂರುತ್ತದೆ. ಮೂತಿ ಹೊಯ್ಗೆಗೆ ಹೊಕ್ಕು ಉಳುಮೆ ಮಾಡುತ್ತದೆ, ಹಿಂದಿನ ಚಕ್ರ ಹಗುರಾಗಿ ಸುಮ್ಮನೆ ತಿರುಗುತ್ತದೆ. ಹಾಗಂತ ತೊಟ್ಟಿಗೆ ಭಾರ ಹೇರಿದರೆ ಹಿಂಭಾಗವೂ ಹೂಳುತ್ತದೆ.

ಮೂರನೆಯದು ಎಳೆತ. ಡಾಂಬರಿನ ಮೇಲೆ ಗಾಡಿ ಉರುಳಿಸಲು ತೂಕದ ನೂರರಲ್ಲಿ ಒಂದೆರಡು ಪಾಲಿನಷ್ಟು ಬಲ ಸಾಕು. ಸಡಿಲ ಹೊಯ್ಗೆಯಲ್ಲಿ ಅದು 20ರಿಂದ 30 ಪಾಲಿಗೆ ಏರುತ್ತದೆ. 3,200 ಕಿಲೋ ಗಾಡಿಗೆ ಸಮತಟ್ಟಿನಲ್ಲೇ 640ರಿಂದ 960 ಕಿಲೋದಷ್ಟು ಎಳೆತ ಬೇಕು. ಟಯರಿನ ಮುಂದೆ ಹೊಯ್ಗೆ ಸಣ್ಣ ದಿಣ್ಣೆಯಾಗಿ ನಿಲ್ಲುವುದೇ ಕಾರಣ. ಚಕ್ರ ಯಾವಾಗಲೂ ಆ ದಿಣ್ಣೆಯನ್ನು ಹತ್ತುತ್ತಲೇ ಇರುತ್ತದೆ. ಹತ್ತು ಡಿಗ್ರಿ ಏರು ಸಿಕ್ಕಿದರೆ ಇನ್ನೂ 550 ಕಿಲೋ ಸೇರಿತು.

ಶಕ್ತಿಗೇನೂ ಬರವಿಲ್ಲವಲ್ಲ ಎನ್ನಬಹುದು. 2020ರ ಮಾದರಿಯಿಂದ ಈ ಡೀಸೆಲ್ ಎಂಜಿನ್ 475 ಅಶ್ವಶಕ್ತಿ, 1,400 ನ್ಯೂಟನ್ ಮೀಟರಿಗೂ ಮೇಲ್ಪಟ್ಟ ಟಾರ್ಕ್ ಕೊಡುತ್ತದೆ. ಆದರೆ ಆ ಬಲವನ್ನು ಹೊರಬೇಕಾದ್ದು ಟಯರಿನಡಿಯ ಹೊಯ್ಗೆ. ಕಣ ಕಣದ ನಡುವಿನ ತಿಕ್ಕಾಟ ತಡೆಯುವಷ್ಟೇ ಬಲ ಕೆಲಸಕ್ಕೆ ಬರುತ್ತದೆ. ಅದು ಮೀರಿದ ಕೂಡಲೇ ಚಕ್ರ ತಿರುಗಿ ಹೊಯ್ಗೆಯನ್ನು ಹಿಂದಕ್ಕೆ ಎಸೆಯುತ್ತದೆ, ತನ್ನ ಗುಂಡಿ ತಾನೇ ತೋಡುತ್ತದೆ. ಜಾಸ್ತಿ ಟಾರ್ಕ್ ಇದ್ದವನ ಗುಂಡಿ ಬೇಗ ಆಳವಾಗುತ್ತದೆ, ಅಷ್ಟೇ.

ಹಿಂದೆ ಎರಡೆರಡು ಟಯರ್ ಇರುವ ಡ್ಯುಯಲಿ ಪಿಕಪ್ ಇದ್ದರೆ ಒಳ್ಳೆಯದಲ್ಲವೇ ಎಂಬ ಪ್ರಶ್ನೆಯೂ ಬರುತ್ತದೆ. ಭಾರವೇನೋ ಹಂಚಿಹೋಗುತ್ತದೆ. ಆದರೆ ಮುಂದಿನ ಚಕ್ರ ಒತ್ತಿ ಗಟ್ಟಿ ಮಾಡಿದ ಜಾಡಿನ ಹೊರಗೆ ಹಿಂದಿನ ಹೊರ ಚಕ್ರ ಹೊಸ ಜಾಡು ಕೊರೆಯಬೇಕಾಗುತ್ತದೆ. ಎರಡು ಟಯರಿನ ನಡುವೆ ಹೊಯ್ಗೆ ಸೇರುತ್ತದೆ. ಮರುಭೂಮಿಗೆ ಅದು ಅನುಕೂಲದ ಗಾಡಿ ಅಲ್ಲ.

ಭಾರ ಇದ್ದ ಮಾತ್ರಕ್ಕೆ ಹೊಯ್ಗೆ ದಾಟಲು ಆಗುವುದೇ ಇಲ್ಲ ಎಂದಲ್ಲ. 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿರುವ ಡಾಕರ್ ರ‍್ಯಾಲಿಯಲ್ಲಿ ಎಂಟೊಂಬತ್ತು ಟನ್ ತೂಕದ ಟ್ರಕ್‌ಗಳೇ ಮರಳುಗುಡ್ಡೆ ಹಾರುತ್ತವೆ. ಅವುಗಳಿಗೆ ತುಂಬ ದೊಡ್ಡ ಟಯರ್ ಉಂಟು, ಓಡುತ್ತಿರುವಾಗಲೇ ಗಾಳಿ ಏರಿಸಿ ಇಳಿಸುವ ವ್ಯವಸ್ಥೆಯೂ ಉಂಟು. ಕಂಪನಿಯಿಂದ ಬಂದ ಟಯರಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ತುಂಬಿಸಿದ ಗಾಳಿಯಲ್ಲಿ ಹಾಗೇ ನುಗ್ಗುವ ಪಿಕಪ್‌ಗೆ ಇವೆರಡೂ ಇಲ್ಲ.

ಎಲ್ಲಾ ಹೊಯ್ಗೆ ಒಂದೇ ಅಲ್ಲ

ಹೊಯ್ಗೆ ಎಷ್ಟು ಗಟ್ಟಿ ಎಂಬುದು ನೀರಿನ ಮೇಲೆ ನಿಂತಿದೆ. ಸ್ವಲ್ಪ ತೇವ ಇದ್ದರೆ ಕಣಗಳ ನಡುವಿನ ನೀರಿನ ಪದರ ಅವನ್ನು ಹಿಡಿದು ನಿಲ್ಲಿಸುತ್ತದೆ. ಮಕ್ಕಳು ಕಡಲತೀರದಲ್ಲಿ ಮನೆ ಕಟ್ಟಲು ಒದ್ದೆ ಹೊಯ್ಗೆಯನ್ನೇ ಹುಡುಕುವುದು ಅದಕ್ಕೇ. ಪೂರ್ತಿ ಒಣಗಿದರೆ ಹಿಡಿತ ಹೋಯ್ತು. ನೀರು ತುಂಬಿ ತುಳುಕಿದರೂ ಹಿಡಿತ ಹೋಯ್ತು. ಮರುಭೂಮಿಯಲ್ಲಿ ಇಬ್ಬನಿ ಬಿದ್ದ ಮುಂಜಾನೆ ಗಟ್ಟಿ ಇದ್ದ ದಾರಿ ಮಧ್ಯಾಹ್ನಕ್ಕೆ ಹಿಟ್ಟಿನ ಹಾಗಾಗುತ್ತದೆ. ಬೆಳಿಗ್ಗೆ ಸುಲಭವಾಗಿ ಹೋದ ದಾರಿಯಲ್ಲೇ ವಾಪಸ್ ಬರುವಾಗ ಹೂಳುವುದು ಹೀಗೆ.

ಮರಳುಗುಡ್ಡೆಗೂ ಎರಡು ಮುಖ. ಗಾಳಿ ಬೀಸುವ ಕಡೆ ಇಳಿಜಾರು ಕಮ್ಮಿ, ಹೊಯ್ಗೆ ಒತ್ತಾಗಿ ಕೂತಿರುತ್ತದೆ. ಮರೆಯ ಕಡೆ ಹೊಯ್ಗೆ ಸುಮ್ಮನೆ ಸುರಿದು 32ರಿಂದ 34 ಡಿಗ್ರಿ ಕೋನದಲ್ಲಿ ನಿಂತಿರುತ್ತದೆ, ಮುಟ್ಟಿದರೆ ಜಾರುತ್ತದೆ. ಭಾರೀ ಗಾಡಿ ಆ ಕಡೆಯಿಂದ ಹತ್ತುವ ಆಸೆ ಬಿಡುವುದು ಒಳ್ಳೆಯದು.

ಭಾರದ ಗಾಡಿಗೆ ಮರಳುಗುಡ್ಡೆಗಿಂತ ದೊಡ್ಡ ಅಪಾಯ ಸಬ್ಖಾ. ಕಡಲಂಚಿನಲ್ಲಿ, ತಗ್ಗಿನಲ್ಲಿ ಉಪ್ಪು ಕಟ್ಟಿದ ಸಮತಟ್ಟು ಬಯಲು ಅದು. ಅಬುಧಾಬಿಯ ಪಶ್ಚಿಮ ಭಾಗದ ಸಬ್ಖತ್ ಮತ್ತಿ ಹೆಸರಾದದ್ದು. ಮೇಲೆ ಒಣಗಿದ ಗಟ್ಟಿ ಪದರ, ಅಡಿಯಲ್ಲಿ ಕೆಸರು. ಹಗುರದ ಗಾಡಿ ದಾಟಿದ ಜಾಗದಲ್ಲೇ ಮೂರು ಟನ್ನಿನ ಪಿಕಪ್ ಪದರ ಒಡೆದು ಒಳಗಿಳಿಯಬಹುದು. ಒಳಗೆ ಹೊಕ್ಕರೆ ಕೈಯಲ್ಲಿ ಗೋರಿ ತೆಗೆಯುವ ಕೆಲಸ ಅಲ್ಲ. ಮುಂದಿನ ಗಾಡಿ ಹೋಯಿತೆಂದು ಹಿಂದಿನದ್ದೂ ಹೋಗಬಹುದು ಎಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ.

ಓಡಿಸುವ ಕ್ರಮ

ಡಾಂಬರು ಬಿಡುವ ಜಾಗದಲ್ಲೇ ಗಾಳಿ ಇಳಿಸಬೇಕು, ಹೂತ ಮೇಲೆ ಅಲ್ಲ. ಗಲ್ಫ್‌ನಲ್ಲಿ ಮರಳುಗುಡ್ಡೆಗೆ ಸಾಮಾನ್ಯವಾಗಿ 15ರಿಂದ 18 ಪಿಎಸ್‌ಐ ಇಡುತ್ತಾರೆ. ಭಾರ ಹೇರಿದ ದೊಡ್ಡ ಪಿಕಪ್ ಆದರೆ 20ರ ಹತ್ತಿರ ಶುರು ಮಾಡಿ, ಟಯರ್ ಎಷ್ಟು ಉಬ್ಬುತ್ತದೆಂದು ನೋಡಿಕೊಂಡು ಇಳಿಸುವುದು ಕ್ರಮ. ಅಳೆಯುವ ಗೇಜ್, ಮತ್ತೆ ತುಂಬುವ ಕಂಪ್ರೆಸರ್ ಎರಡೂ ಗಾಡಿಯಲ್ಲೇ ಇರಬೇಕು.

ಫೋರ್ ವೀಲ್ ಡ್ರೈವ್ ಮೊದಲೇ ಹಾಕಿಕೊಳ್ಳಬೇಕು. ಸಮತಟ್ಟಿನಲ್ಲಿ ವೇಗ ಕಾಪಾಡಲು ಹೈ ರೇಂಜ್, ತೀರಾ ಮೆತ್ತಗಿನ ಜಾಗಕ್ಕೆ ಮತ್ತು ಕಡಿದಾದ ಇಳಿಜಾರಿಗೆ ಲೋ ರೇಂಜ್. ಚಕ್ರ ಜಾರಿದ ಕೂಡಲೇ ಎಂಜಿನ್‌ನ ಬಲ ಕತ್ತರಿಸುವ ಟ್ರ್ಯಾಕ್ಷನ್ ಕಂಟ್ರೋಲ್ ರಸ್ತೆಯಲ್ಲಿ ಜೀವ ಉಳಿಸುತ್ತದೆ. ಹೊಯ್ಗೆಯಲ್ಲಿ ಅದೇ ಏರಿನ ಮಧ್ಯೆ ಗಾಡಿಯ ಓಟ ನಿಲ್ಲಿಸಿಬಿಡುತ್ತದೆ. ಅನುಭವಿಗಳು ಅದನ್ನು ಆಫ್ ಮಾಡುವುದು ಇದೇ ಕಾರಣಕ್ಕೆ.

ಉಳಿದದ್ದು ಕಾಲಿನ ನಯ. ಒಂದೇ ಹದದಲ್ಲಿ ಆಕ್ಸಿಲರೇಟರ್ ಹಿಡಿದಿರಬೇಕು. ಗಕ್ಕನೆ ಬ್ರೇಕ್ ಹಾಕಿದರೆ ಮುಂದಿನ ಚಕ್ರದ ಎದುರು ಹೊಯ್ಗೆ ಗುಡ್ಡೆಯಾಗಿ, ಹೊರಡುವಾಗ ಅದನ್ನೇ ಹತ್ತಬೇಕಾಗುತ್ತದೆ. ಕಾಲು ತೆಗೆದು ಗಾಡಿ ತಾನಾಗಿ ನಿಲ್ಲಲು ಬಿಡಬೇಕು. ಅದೂ ಮೂತಿ ಇಳಿಜಾರಿನ ಕಡೆ ಇರುವ ಹಾಗೆ. ತಿರುವು ಅಗಲವಾಗಿರಬೇಕು. ಗುಡ್ಡೆಯನ್ನು ನೇರ ಹತ್ತಬೇಕು, ನೇರ ಇಳಿಯಬೇಕು. ಅಡ್ಡಕ್ಕೆ ಹೋದರೆ ಎತ್ತರದ ಭಾರೀ ಗಾಡಿ ಮಗುಚಲು ಹೆಚ್ಚು ಹೊತ್ತು ಬೇಡ. ಏರು ಹತ್ತಲಾಗದೆ ನಿಂತರೆ ತಿರುಗಿಸುವ ಸಾಹಸ ಮಾಡದೆ, ಬಂದ ಜಾಡಿನಲ್ಲೇ ರಿವರ್ಸ್ ಇಳಿಯಬೇಕು.

ಹೂತರೆ ಮೊದಲು ಕಾಲು ತೆಗೆಯಿರಿ

ಗಾಡಿ ಮುಂದೆ ಹೋಗುತ್ತಿಲ್ಲ ಎಂದು ಗೊತ್ತಾದ ಕ್ಷಣದಲ್ಲೇ ಆಕ್ಸಿಲರೇಟರ್ ಬಿಡಬೇಕು. ಒಂದು ಅಡಿ ಹೂತ ಗಾಡಿಯನ್ನು ಹತ್ತು ನಿಮಿಷದಲ್ಲಿ ತೆಗೆಯಬಹುದು. ಚಾಸಿಸ್ ಕೂತ ಮೇಲೆ ಅದು ಅರ್ಧ ದಿನದ ಕೆಲಸ. ಮೂರು ಟನ್ನಿನ ಗಾಡಿಯಾದರೆ ಹತ್ತು ಜನ ದೂಡಿದರೂ ಅಲುಗುವುದಿಲ್ಲ.

ಬಂದ ಜಾಡು ಆಗಲೇ ಒತ್ತಿ ಗಟ್ಟಿಯಾಗಿರುತ್ತದೆ. ಹಾಗಾಗಿ ಮೊದಲ ಪ್ರಯತ್ನ ನಿಧಾನಕ್ಕೆ ರಿವರ್ಸ್. ಆಗದಿದ್ದರೆ ನಾಲ್ಕೂ ಚಕ್ರದ ಎದುರು, ಹಿಂದೆ, ಹೊಟ್ಟೆಯ ಅಡಿ ಕೂತ ಹೊಯ್ಗೆಯನ್ನು ಗೋರಬೇಕು. ಗಾಳಿ ಇನ್ನೂ ಎರಡು ಮೂರು ಪಿಎಸ್‌ಐ ಇಳಿಸಬೇಕು. ಚಕ್ರಕ್ಕೆ ಹಲಗೆಯೋ ರಿಕವರಿ ಪಟ್ಟಿಯೋ ಕೊಟ್ಟು ಮೆಲ್ಲಗೆ ಎಬ್ಬಿಸಬೇಕು. ಆ ಹೊತ್ತಿಗೆ ಗಾಡಿಯ ಎದುರು, ಹಿಂದೆ ಯಾರೂ ನಿಲ್ಲಬಾರದು. ಜಾಕ್ ಇಡುವುದಾದರೆ ಅಡಿಗೆ ಅಗಲದ ಹಲಗೆ ಬೇಕೇ ಬೇಕು, ಇಲ್ಲವಾದರೆ ಗಾಡಿ ಏಳುವ ಬದಲು ಜಾಕೇ ಹೂಳುತ್ತದೆ.

ಇನ್ನೊಂದು ಗಾಡಿಯಿಂದ ಎಳೆಯುವಾಗ ನಿಜವಾದ ಪ್ರಾಣಾಪಾಯ. ಹಿಗ್ಗುವ ರಿಕವರಿ ಪಟ್ಟಿಯ ತಾಳಿಕೆ ಗಾಡಿಯ ತೂಕದ ಎರಡು ಮೂರು ಪಟ್ಟು ಇರಬೇಕೆಂಬುದು ರೂಢಿಯ ಲೆಕ್ಕ. ಜೀಪಿಗೆಂದು ಕೊಂಡ ಪಟ್ಟಿ ದೊಡ್ಡ ಪಿಕಪ್‌ಗೆ ಸಾಲದು. ಪಟ್ಟಿಯನ್ನು ಚಾಸಿಸ್‌ಗೆ ಭದ್ರವಾಗಿ ಕೂರಿಸಿದ ರಿಕವರಿ ಕೊಕ್ಕೆಗೇ ಹಾಕಬೇಕು. ಟ್ರೇಲರ್ ಸಿಕ್ಕಿಸುವ ಗುಂಡಿಗೆ, ಬಂಪರಿಗೆ ಹಾಕಲೇಬಾರದು. ಆ ಕಬ್ಬಿಣದ ಗುಂಡು ಮುರಿದರೆ ಪಟ್ಟಿಯ ಸೆಳೆತಕ್ಕೆ ತೋಪಿನ ಗುಂಡಿನ ಹಾಗೆ ಹಾರಿ ಬರುತ್ತದೆ. ಹೀಗೆ ಗಾಜು ಸೀಳಿ ಬಂದ ಗುಂಡಿಗೆ ಚಾಲಕರು ಬಲಿಯಾದ ಪ್ರಕರಣಗಳು ಬೇರೆ ಬೇರೆ ದೇಶಗಳಲ್ಲಿ ನಡೆದಿವೆ. ಎಳೆಯುವ ಹೊತ್ತಿಗೆ ನೋಡಲು ನಿಂತವರು ಪಟ್ಟಿಯ ಉದ್ದಕ್ಕಿಂತ ದೂರ ಇರಬೇಕು.

ಒಂಟಿ ಗಾಡಿಯಲ್ಲಿ ಮರುಭೂಮಿಗೆ ಹೋಗಲೇಬಾರದು ಎನ್ನುವುದು ಇದಕ್ಕಾಗಿಯೇ. ಒಬ್ಬರು ಹೂತರೆ ಎಳೆಯಲು ಇನ್ನೊಬ್ಬರು ಬೇಕು. ಅದೂ ಹೆಚ್ಚುಕಡಿಮೆ ಅಷ್ಟೇ ತೂಕದ ಗಾಡಿ. ನೀರು ಧಾರಾಳ ಇರಬೇಕು. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಗಾಡಿ ಬಿಟ್ಟು ನಡೆಯಲು ಹೊರಡುವುದಕ್ಕಿಂತ ಅದರ ನೆರಳಿನಲ್ಲೇ ಇರುವುದು ಮೇಲು. ಹುಡುಕುವವರ ಕಣ್ಣಿಗೆ ಮನುಷ್ಯನಿಗಿಂತ ಮೊದಲು ಬೀಳುವುದು ಗಾಡಿ.

ವಾಪಸ್ ರಸ್ತೆಗೆ ಬಂದ ಮೇಲೆ ಮರೆಯುವ ಕೆಲಸ ಗಾಳಿ ತುಂಬುವುದು. ಕಮ್ಮಿ ಗಾಳಿಯ ಟಯರ್ ಹೆದ್ದಾರಿಯ ವೇಗದಲ್ಲಿ ಒಂದೇ ಸಮನೆ ಬಗ್ಗಿ ಬಗ್ಗಿ ಕಾಯುತ್ತದೆ, ಕೊನೆಗೆ ಸಿಡಿಯುತ್ತದೆ. ಗಾಡಿ ಭಾರ ಇದ್ದಷ್ಟೂ ಟಯರ್ ಬೇಗ ಕಾಯುತ್ತದೆ.

ಊರಿನ ಕಡಲತೀರದಲ್ಲಿ

ಕರಾವಳಿಯಲ್ಲಿ ಮೀನು, ಬಲೆ, ಮಂಜುಗಡ್ಡೆ ಸಾಗಿಸುವ ಪಿಕಪ್‌ಗಳಲ್ಲಿ ಹೆಚ್ಚಿನವು ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಇರುವಂಥವು. ಖಾಲಿ ಬರುವಾಗ ಹಿಂಭಾಗ ಹಗುರ, ಚಕ್ರ ಸುಮ್ಮನೆ ಸುತ್ತುತ್ತದೆ. ಲೋಡ್ ಆದ ಮೇಲೆ ಹಿಂಭಾಗ ಭಾರ, ಚಕ್ರ ಇಳಿಯುತ್ತದೆ. ಟಯರಿನಲ್ಲಿ ಭಾರಕ್ಕೆಂದು ತುಂಬಿಸಿದ ಜಾಸ್ತಿ ಗಾಳಿ ಬೇರೆ. ತೆಂಗಿನ ಮಡಲು, ಗೋಣಿ, ದೋಣಿ ಎಳೆಯುವ ಹಲಗೆ ಚಕ್ರದಡಿ ಹಾಕುವ ಉಪಾಯಕ್ಕೂ ಮರುಭೂಮಿಯ ದುಬಾರಿ ರಿಕವರಿ ಪಟ್ಟಿಗೂ ತತ್ವ ಒಂದೇ: ಭಾರವನ್ನು ಅಗಲಕ್ಕೆ ಹಂಚುವುದು. ಗಾಡಿಯನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ ಬುಟ್ಟಿ ಹೊತ್ತು ತರುವುದು ಎಷ್ಟೋ ಸಲ ಕಮ್ಮಿ ಖರ್ಚಿನ ದಾರಿ.

ಕೇರಳದ ಕಣ್ಣೂರು ಮತ್ತು ತಲಶ್ಶೇರಿ ನಡುವಿನ ಮುಳಪ್ಪಿಲಂಗಾಡ್ ಬೀಚಿನಲ್ಲಿ ಸುಮಾರು 4 ಕಿ.ಮೀ. ಉದ್ದಕ್ಕೂ ಸಾದಾ ಕಾರುಗಳೂ ಓಡುತ್ತವೆ. ಅದನ್ನು ನೋಡಿ ಬಂದವರು ಎಲ್ಲಾ ಬೀಚೂ ಹಾಗೇ ಎಂದುಕೊಳ್ಳುವುದೇ ಎಡವಟ್ಟು. ಅಲ್ಲಿ ತೀರ ಚಪ್ಪಟೆ, ಹೊಯ್ಗೆ ನುಣ್ಣಗೆ, ತೇವದಲ್ಲಿ ಒತ್ತಿ ಕೂತಿರುತ್ತದೆ. ತೀರ ಕಡಿದಾಗಿರುವ ಕಡೆ ಸಾಮಾನ್ಯವಾಗಿ ಹೊಯ್ಗೆ ದಪ್ಪ, ಸಡಿಲ. ಹೆದ್ದಾರಿಗೆ ತಾಗಿಯೇ ಕಡಲು ಕಾಣುವ ಜಾಗಗಳಲ್ಲಿ ಫೋಟೋ ತೆಗೆಯಲೆಂದು ಗಾಡಿ ಇಳಿಸುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ.

ಕಡಲತೀರದಲ್ಲಿ ಇನ್ನೊಂದು ಗಡಿಯಾರವೂ ಓಡುತ್ತಿರುತ್ತದೆ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆ ಚಿಲ್ಲರೆ ಅಷ್ಟೇ. ನೀರಂಚಿನಲ್ಲಿ ಹೂತ ಗಾಡಿಯ ಚಕ್ರದ ಸುತ್ತ ಪ್ರತಿ ಅಲೆಯೂ ಹೊಯ್ಗೆ ಕೊರೆದು ಒಯ್ಯುತ್ತದೆ, ಗಾಡಿ ತಾನಾಗಿಯೇ ಕುಸಿಯುತ್ತದೆ. ಎಂಜಿನ್‌ಗೆ ಉಪ್ಪುನೀರು ಹೊಕ್ಕರೆ, ಮೇಲೆ ಎಳೆದ ನಂತರವೂ ಆ ಗಾಡಿಯ ವಯರಿಂಗ್, ಬ್ರೇಕ್, ಬೇರಿಂಗ್ ಮೊದಲಿನಂತಾಗುವುದು ಕಷ್ಟ.

ಹಾನಿ ಗಾಡಿಗೆ ಮಾತ್ರ ಅಲ್ಲ. ಮರುಭೂಮಿ ಡ್ರೈವ್‌ನ ಸೀಸನ್ ಇರುವ ಚಳಿಗಾಲದ ತಿಂಗಳುಗಳಲ್ಲೇ ಇಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಉಡುಪಿ, ಉತ್ತರ ಕನ್ನಡದ ತೀರಗಳಿಗೆ ಬರುತ್ತವೆ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಜೀವಿಗಳು. ಗೂಡು ಹೊಯ್ಗೆಯ ಅಡಿಯಲ್ಲಿರುವುದರಿಂದ ಚಾಲಕರಿಗೆ ಕಾಣುವುದಿಲ್ಲ. ಮೂರು ಟನ್ ಅದರ ಮೇಲೆ ಹಾದರೆ ಹೊಯ್ಗೆ ಬಿಗಿದು ಮರಿಗಳಿಗೆ ಮೇಲೆ ಬರಲಾಗುವುದಿಲ್ಲ. ಬಂದರೂ, ಟಯರಿನ ಜಾಡು ಅಂಗೈಗಿಂತ ಚಿಕ್ಕ ಮರಿಗೆ ದಾಟಲಾಗದ ಕಂದಕ. ಅದರೊಳಗೇ ಅಲೆದು ಕಾಗೆ, ನಾಯಿಗಳ ಪಾಲಾಗುತ್ತದೆ. ಹೊಯ್ಗೆ ಹಿಡಿದು ನಿಲ್ಲಿಸುವ ನೇರಳೆ ಹೂವಿನ ಬಳ್ಳಿಯ ಮೇಲೆ ಗಾಡಿ ಓಡಿದರೆ ಮುಂದಿನ ಮಳೆಗಾಲದ ಕಡಲ್ಕೊರೆತಕ್ಕೆ ದಾರಿ ಮಾಡಿಕೊಟ್ಟಂತೆಯೇ.

ಲಿವಾದಲ್ಲಾದರೂ ಸರಿ, ಊರಿನ ತೀರದಲ್ಲಾದರೂ ಸರಿ, ಹೊಯ್ಗೆಗೆ ಇಳಿಯುವ ಮೊದಲು ಗಾಡಿಯಿಂದ ಇಳಿದು ನಾಲ್ಕು ಹೆಜ್ಜೆ ನಡೆದು ನೋಡುವುದಕ್ಕೆ ಖರ್ಚಿಲ್ಲ. ಕಾಲಿನ ಹಿಮ್ಮಡಿ ಹೂಳುವ ಜಾಗದಲ್ಲಿ ಗಾಳಿ ಇಳಿಸದ ಪಿಕಪ್‌ನ ಚಕ್ರವೂ ಹೂಳುತ್ತದೆ.